ಮೂವತ್ತು ಶೀಶೆಯ ಉಗುಳು

ಬಯೋಕೆಮಿಸ್ಟ್ರಿ ಓದಲು ಬಂದವರು ಮೊಟ್ಟಮೊದಲು ಕಲಿಯುವುದು ಉಗುಳುವುದನ್ನು. ಬಾಯಿ ತೊಳೆದುಕೊಂಡು ಬೀಕರಿಗೆ ಉಗುಳಬೇಕು, ಅದನ್ನು ತೆಳ್ಳನೆಯ ಗಂಜಿಗೆ ಬೆರೆಸಬೇಕು, ನಿಮಿಷಕ್ಕೊಂದು ಹನಿ ತೆಗೆದು ಅಯೋಡಿನ್ ಮುಟ್ಟಿಸಬೇಕು. ಮೊದಲು ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಕಂದು, ಕೊನೆಗೆ ಬಣ್ಣವೇ ಇಲ್ಲ. ಉಗುಳಿನಲ್ಲಿರುವ ಅಮೈಲೇಸ್ ಗಂಜಿಯನ್ನೆಲ್ಲ ತಿಂದು ಮುಗಿಸಿತು ಅಂತ ಅರ್ಥ. ಇದು ಬಿಎಸ್ಸಿ ಮೊದಲ ಸೆಮಿಸ್ಟರಿನ ಮೊದಲ ಪ್ರಾಕ್ಟಿಕಲ್.

ಆದರೆ ಎಲ್ಲರೂ ಉಗುಳುವುದಿಲ್ಲ. ಇಡೀ ಬ್ಯಾಚಿಗೆ ಒಬ್ಬರು ಉಗುಳುತ್ತಾರೆ, ಮಿಕ್ಕವರು ಅದನ್ನೇ ಹಂಚಿಕೊಳ್ಳುತ್ತಾರೆ, ಆಮೇಲೆ ಮೂವತ್ತು ರೆಕಾರ್ಡ್ ಬುಕ್ಕಿನಲ್ಲೂ ‘ಸ್ವಂತ ಲಾಲಾರಸ’ ಅಂತ ಬರೆಯುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಸೀನಿಯರ್‌ಗಳು ಹಾಗೇ ಮಾಡಿದ್ದರು, ಅವರ ಸೀನಿಯರ್‌ಗಳೂ ಹಾಗೇ.

ನಮ್ಮ ಬ್ಯಾಚಿನಲ್ಲಿ ಆ ಒಬ್ಬಳು ನಾನು. ನಾನು ಅಂದರೆ ತಿಪ್ಪೇಶ್ವರಿ, ತಿಪ್ಪಿ. ನನ್ನನ್ನು ಯಾರೂ ಆರಿಸಿದ್ದಲ್ಲ, ಲ್ಯಾಬಿನಲ್ಲಿ ಬಾಯಿ ಇದ್ದವಳು ನಾನೊಬ್ಬಳೇ. ಉಳಿದ ಇಪ್ಪತ್ತೊಂಬತ್ತು ಮಂದಿ ತಂತಮ್ಮ ಊರಿನಲ್ಲಿ, ತಂತಮ್ಮ ಮಂಚದ ಮೇಲೆ, ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಿದ್ದರು. ಅವರ ಬದಲಿಗೆ ಲ್ಯಾಬಿನ ಬೆಂಚುಗಳ ಮೇಲೆ ಇಪ್ಪತ್ತೊಂಬತ್ತು ಯಂತ್ರದ ಕೈಗಳು ಪಿಪೆಟ್ ಹಿಡಿದು ಏಳುತ್ತಿದ್ದವು, ಇಳಿಯುತ್ತಿದ್ದವು. ನನ್ನ ಹತ್ತಿರ ಹೆಡ್‌ಸೆಟ್ ಇರಲಿಲ್ಲ, ಫೋನ್ ಇತ್ತು. ಹಾಗಾಗಿ ನಾನು ಮಾತ್ರ ಊರು ಬಿಟ್ಟು ಬಂದು, ಕಾಲೇಜಿನ ಹತ್ತಿರ ಬಾಡಿಗೆಗೆ ಒಂದು ಕೋಣೆ ಹಿಡಿದು, ದಿನಾ ಲ್ಯಾಬಿಗೆ ಹೋಗುತ್ತಿದ್ದೆ. ಒಂದು ಕೈ ಬೀಕರ್ ಒಡೆದರೆ ಅದರ ಪಕ್ಕದ ಸಣ್ಣ ಸ್ಪೀಕರಿನಿಂದ ಯಾರದೋ ನಗು ಕೇಳುತ್ತಿತ್ತು. ಯಾರದು ಅಂತ ನೋಡಲು ತಿರುಗಿದರೆ ಕೈ ಮಾತ್ರ ಕಾಣುತ್ತಿತ್ತು.

ಕಣ್ಣಿಗೆ ಕಾಣುತ್ತಿದ್ದ ಮನುಷ್ಯರು ಇಬ್ಬರು. ಶಶಿರೇಖಾ ಮೇಡಂ, ಅವರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಇನ್ನೊಬ್ಬರು ಲ್ಯಾಬ್ ಅಟೆಂಡರ್ ಹಾಲೇಶಣ್ಣ, ಅವರು ಆ ಕೈಗಳಿಗೆಲ್ಲ ಎಣ್ಣೆ ಬಿಡುತ್ತಿದ್ದರು.

ಮೂರನೇ ಸೆಮಿಸ್ಟರಿನಲ್ಲಿ ಸರ್ಕಾರದ ಪತ್ರ ಬಂತು. ಉಗುಳಿನಲ್ಲಿ ‘ಪೆಪ್ಟೈಡ್ ನಲವತ್ತೊಂದು’ ಅಂತ ಒಂದು ವಸ್ತು ಇರುತ್ತದೆ, ಅಮೈನೋ ಆಮ್ಲಗಳ ಪುಟ್ಟ ಸರ. ಅದು ಮಿತಿ ಮೀರಿದರೆ ಹೃದಯಕ್ಕೆ ಕೆಟ್ಟದ್ದು ಅಂತ ಆಗ ನಂಬಿದ್ದರು. ಮನೆಯಲ್ಲೇ ಪರೀಕ್ಷಿಸಲು ಬೆರಳುದ್ದದ ಒಂದು ಪಟ್ಟಿ ತಯಾರಾಗುತ್ತಿತ್ತು. ಬೆಳಿಗ್ಗೆ ಎದ್ದು ನೆಕ್ಕಿದರೆ ಹಸಿರು, ಹಳದಿ ಅಥವಾ ಕೆಂಪು. ಅದಕ್ಕೆ ಸರ್ಕಾರ ಇಟ್ಟ ಹೆಸರು ಒಂದೂವರೆ ಸಾಲು ಉದ್ದ ಇತ್ತು, ಜನ ಆಮೇಲೆ ನೆಕ್ಕುಪಟ್ಟಿ ಅಂದರು. ಯಾವುದು ಹಸಿರು ಅಂತ ಹೇಳಬೇಕಾದರೆ ಆರೋಗ್ಯವಂತರ ಉಗುಳಿನಲ್ಲಿ ಅದು ಎಷ್ಟಿದೆ ಅಂತ ಮೊದಲು ಗೊತ್ತಾಗಬೇಕು. ಊಟ ನೀರು ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ ಜಿಲ್ಲೆಗೊಂದು ಅಳತೆ. ನಮ್ಮ ಜಿಲ್ಲೆಯದನ್ನು ನಮ್ಮ ಕಾಲೇಜಿನ ಮೂವತ್ತು ಆರೋಗ್ಯವಂತ ವಿದ್ಯಾರ್ಥಿಗಳು ಕೊಡಬೇಕು. ತಲೆಗೊಂದು ಶೀಶೆ, ಮೂರು ದಿನದೊಳಗೆ.

ನಾನು ಗ್ರೂಪಿನಲ್ಲಿ ಹಾಕಿದೆ. ಉತ್ತರಗಳು ಟಪಟಪ ಬಿದ್ದವು.

“ತಿಪ್ಪಿ, ನೀನೇ ಕೊಟ್ಬಿಡೆ, ಯಾವಾಗ್ಲೂ ಹಂಗೇ ಅಲ್ವಾ.”

“ಏಳು ತಾಸು ಬಸ್ಸಲ್ಲಿ ಉಗಿಯೋಕ್ ಬರ್ಲಾ ಕಣೆ?”

“ನಮ್ ಬ್ಯಾಚಿನ ಜೋಗ ಜಲಪಾತ ನೀನು.” ಅದರ ಕೆಳಗೆ ಹದಿನಾಲ್ಕು ಹೃದಯಗಳು.

ಸುಳ್ಳು ಯಾಕೆ ಹೇಳಲಿ, ಆ ಹೃದಯಗಳನ್ನು ನೋಡಿ ಖುಷಿಯಾಗಿತ್ತು. ಮೂರು ದಿನ ಮೂವತ್ತು ಶೀಶೆಗೂ ನಾನೇ ಉಗುಳಿದೆ. ಎಲ್ಲ ಒಂದೇ ಥರ ಬಂದರೆ ಮೇಡಮ್ಮಿಗೆ ಅನುಮಾನ ಬರುತ್ತದೆ ಅಂತ ಬೇರೆ ಬೇರೆ ಹೊತ್ತಿನಲ್ಲಿ ಉಗುಳಿದೆ. ಎದ್ದ ಕೂಡಲೇ, ಉಪ್ಪಿಟ್ಟು ತಿಂದ ಮೇಲೆ, ಮೆಟ್ಟಿಲು ಹತ್ತಿ ಇಳಿದ ಮೇಲೆ.

“ಒಬ್ಳೇ ಎಷ್ಟಂತ ಉಗಿತೀಯವ್ವ, ನೀರಾರ ಕುಡಿ” ಅಂತ ಹಾಲೇಶಣ್ಣ ಚೊಂಬು ಕೊಟ್ಟರು.

ಕಳಿಸುವ ಮೊದಲು ಲ್ಯಾಬಿನ ಯಂತ್ರಕ್ಕೆ ಹಾಕಿ ಅಳೆದಾಗ ಮೂವತ್ತರಲ್ಲಿ ಒಂದು ಮಾತ್ರ ಉಳಿದವುಗಳ ಹತ್ತಿರಕ್ಕೂ ಬರಲಿಲ್ಲ, ಹದಿನೇಳನೆಯದು. ಮಿಕ್ಕವೆಲ್ಲ ಎರಡೂವರೆಯಿಂದ ನಾಲ್ಕರ ಒಳಗಿದ್ದರೆ ಅದೊಂದು ಹನ್ನೊಂದು ತೋರಿಸಿತು. ಗುಂಪಿಗೆ ಸೇರದ ಅಂಕಿಯನ್ನು ಕೈತಪ್ಪು ಅಂತ ಬಿಡುವುದು ನಮ್ಮ ಲ್ಯಾಬಿನ ಇನ್ನೊಂದು ಅಭ್ಯಾಸ. ಆ ಶೀಶೆ ಚೆಲ್ಲಿ ಇನ್ನೊಂದು ಸಲ ಉಗುಳಿದೆ. ಮೇಡಂ ಸಹಿ ಹಾಕಿದರು. ಪೆಟ್ಟಿಗೆ ಹೋಯಿತು.

ಒಂದು ವರ್ಷದಲ್ಲಿ ಪಟ್ಟಿ ಮನೆಮನೆಗೂ ಬಂತು. ಊರಿಗೆ ಊರೇ ಕೆಂಪಾಯಿತು.

ನಮ್ಮ ಕಾಲೇಜಿದ್ದದ್ದು ಮಂಡಕ್ಕಿಯ ಊರಿನಲ್ಲಿ. ಸಂಜೆಯಾದರೆ ನಾಲ್ಕು ಜನ ಒಂದೇ ಪೇಪರಿನ ಸುತ್ತ ನಿಂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಇಲ್ಲದ ರಾಜಕೀಯ ಮಾತಾಡುವ ಜನ. ಈ ಜಿಲ್ಲೆಯವರಿಗೆ ಉದ್ರೇಕ ಜಾಸ್ತಿ ಅಂತ ಆರೋಗ್ಯ ಇಲಾಖೆಯವರು ತೀರ್ಮಾನಿಸಿದರು. ಗುಂಪು ಸೇರಬೇಡಿ, ಊಟದ ಹೊತ್ತಿಗೆ ಮಾತು ಬೇಡ ಅಂದರು. ಜನ ಮೊದಲು ನಕ್ಕರು. ಆಮೇಲೆ ಯಾರೋ ಒಬ್ಬರು ಎರಡು ದಿನ ಒಬ್ಬರೇ ಕೂತು ತಿಂದು ನೋಡಿದರಂತೆ, ಪಟ್ಟಿ ಹಳದಿಗೆ ಇಳಿಯಿತಂತೆ. ಅಲ್ಲಿಂದ ಶುರುವಾಯಿತು. ಅಂಗಡಿಗಳಲ್ಲಿ ಒಬ್ಬೊಬ್ಬರಿಗೊಂದು ಪೊಟ್ಟಣ, ಗೋಡೆಗೆ ಮುಖ ಮಾಡಿದ ಸ್ಟೂಲು. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೂ ಎಲೆಗೂ ನಡುವೆ ತಡಿಕೆ. ಬೀದಿಯಲ್ಲಿ ಎದುರಾದವರು ಆರಾಮಾ ಅಂತ ಕೇಳುವುದು ಬಿಟ್ಟು ಹಸಿರಾ ಅಂತ ಕೇಳತೊಡಗಿದರು.

ನಾನು ದಿನಾ ಹಸಿರು. ಒಂದು ದಿನವೂ ತಪ್ಪಿದ್ದಿಲ್ಲ.

ನನ್ನ ಕೋಣೆ ಮಹಡಿಯ ಮೇಲೆ. ಕೆಳಗೆ ಮನೆಯೊಡತಿ ಖೈರೂನಮ್ಮ, ಅವರ ಗಂಡ ಗೌಸ್ ಸಾಬರು, ಮಗ, ಸೊಸೆ, ಎರಡು ಮೊಮ್ಮಕ್ಕಳು. ಸಾಬರು ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವದಿಂದ ಅಕ್ಕಿ ಹುರಿದು ಮಧ್ಯಾಹ್ನ ಎರಡಕ್ಕೆ ಮನೆಗೆ ಬರುತ್ತಿದ್ದರು. ಆಗ ಎಲ್ಲರೂ ನಡುಮನೆಯ ನೆಲಕ್ಕೆ ದಸ್ತರಖಾನಿನ ಬಟ್ಟೆ ಹಾಸಿ ಊಟಕ್ಕೆ ಕೂರುತ್ತಿದ್ದರು. ಪ್ರಾಕ್ಟಿಕಲ್ ಇಲ್ಲದ ದಿನ ನಾನೂ ಅದೇ ಹೊತ್ತಿಗೆ ಮೇಲೆ ತಟ್ಟೆ ಹಾಕಿಕೊಳ್ಳುತ್ತಿದ್ದೆ. ಅವರ ಮಾತು ಕಿಟಕಿಯಲ್ಲಿ ಹತ್ತಿ ಬರುತ್ತಿತ್ತು.

“ನಿಮ್ಮ ಕಿವಿಯೊಳಗೆ ಮಂಡಕ್ಕಿ ಐತೆ, ತೆಗೀರಿ ಸಾಬ್ರೆ” ಅನ್ನುವರು ಖೈರೂನಮ್ಮ.

“ಇರ್ಲಿ ಬಿಡು. ನಿನ್ನ ಮಾತು ಅರ್ಧ ಕಮ್ಮಿ ಕೇಳುತ್ತೆ.”

ನಾನು ಮೇಲೆ ಒಬ್ಬಳೇ ನಗುತ್ತಿದ್ದೆ, ಬಾಯಿ ಮುಚ್ಚಿಕೊಂಡು. ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು ಬಾಡಿಗೆ ಕೊಟ್ಟದ್ದು ಬಿಟ್ಟರೆ ಅವರ ಮನೆಯೊಳಗೆ ನಾನು ಕಾಲಿಟ್ಟಿರಲಿಲ್ಲ. ಅವರು ಒಂದೆರಡು ಸಲ ಕರೆದಿದ್ದರು, ಓದೋದಿದೆ ಅಂದಿದ್ದೆ. ಯಾಕೆ ಅಂದೆನೋ.

ಐದನೇ ಸೆಮಿಸ್ಟರಿನ ಹೊತ್ತಿಗೆ ಕೆಳಗೆ ದನಿ ನಿಂತಿತು. ಸಾಬರು ನಡುಮನೆಯಲ್ಲಿ, ಖೈರೂನಮ್ಮ ಅಡುಗೆಮನೆಯಲ್ಲಿ, ಮಗ ಸೊಸೆ ಮಕ್ಕಳು ಒಂದೊಂದು ಮೂಲೆಯಲ್ಲಿ. ತಟ್ಟೆಯ ಸದ್ದು ಮಾತ್ರ ಬರುತ್ತಿತ್ತು. ಎಲ್ಲರದ್ದೂ ಹಳದಿಗೆ ಇಳಿಯಿತು, ಸಾಬರದು ಮಾತ್ರ ಇಳಿಯಲಿಲ್ಲ. ಅವರು ಭಟ್ಟಿಯಲ್ಲಿ ಕೂಲಿಯವರ ಜೊತೆ ಕದ್ದು ತಿನ್ನುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಮೂರು ತಿಂಗಳು ಬಿಡದೆ ಕೆಂಪು ಬಂದರೆ ಇಲಾಖೆಯವರು ವಿಶ್ರಾಂತಿ ಕೇಂದ್ರಕ್ಕೆ ಒಯ್ಯುತ್ತಿದ್ದರು. ಒಬ್ಬರಿಗೆ ಒಂದು ಕೋಣೆ, ನಲವತ್ತು ದಿನ, ಊಟ ಕಿಂಡಿಯಿಂದ. ಸಾಬರ ಹೆಸರಿಗೆ ಚೀಟಿ ಬಂತು. ಸೋಮವಾರ ಬೆಳಿಗ್ಗೆ ವ್ಯಾನ್.

ಶನಿವಾರ ನಾನು ಲ್ಯಾಬಿಗೆ ಹೊರಟಾಗ ಅವರು ಮೆಟ್ಟಿಲ ಹತ್ತಿರ ಕಾದು ನಿಂತಿದ್ದರು. ಕೈಯಲ್ಲಿ ಔಷಧಿಯ ಹಳೇ ಶೀಶೆ, ಅದರೊಳಗೆ ಉಗುಳು.

“ತಿಪ್ಪಮ್ಮ, ನೀನು ಇದನ್ನೇ ಅಲ್ವಾ ಓದೋದು? ದೊಡ್ಡ ಮಿಶನ್‌ಗೆ ಹಾಕಿ ನೋಡಮ್ಮ. ಪಟ್ಟಿ ಸುಳ್ಳು ಹೇಳಿರಬೌದು.”

“ಸುಳ್ಳು ಹೇಳಲ್ಲ ಸಾಬ್ರೆ.”

“ಹಂಗಾದ್ರೆ ನಾನು ಹೋಗಬೇಕೇನು? ನಲವತ್ತು ದಿನ ನಾನು ಯಾರನ್ನ ಬೈಲಿ ಅಲ್ಲಿ?” ಅವರು ನಗಲು ನೋಡಿದರು. ನಗು ಬರಲಿಲ್ಲ.

ಲ್ಯಾಬಿನಲ್ಲಿ ಅವತ್ತು ಕ್ಲಾಸಿರಲಿಲ್ಲ. ಯಂತ್ರದ ಕೈಗಳೆಲ್ಲ ಮಡಚಿಕೊಂಡು ಮಲಗಿದ್ದವು. ಪಟ್ಟಿ ತೋರಿಸುವುದು ಬರೀ ಬಣ್ಣ, ಯಂತ್ರ ತೋರಿಸುವುದು ಅಂಕಿ. ಸಾಬರದು ಇಪ್ಪತ್ತೊಂದು ಬಂತು. ಹೋಲಿಸಿ ನೋಡಲು ಒಂದು ಆರೋಗ್ಯದ ಮಾದರಿ ಬೇಕಲ್ಲ, ನಮ್ಮ ಅಭ್ಯಾಸದಂತೆ ನಾನೇ ಉಗುಳಿದೆ. ಮೂರು ಪಾಯಿಂಟ್ ನಾಲ್ಕು. ಇಲಾಖೆಯ ಅಳತೆಯನ್ನು ಫೋನಿನಲ್ಲಿ ತೆಗೆದೆ. ನಮ್ಮ ಜಿಲ್ಲೆಯ ಆರೋಗ್ಯವಂತರ ಸರಾಸರಿ: ಮೂರು ಪಾಯಿಂಟ್ ನಾಲ್ಕು.

ಮೊದಲು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ಕ್ಷಣ ಬಿಟ್ಟು ಎರಡು ಅಂಕಿಯನ್ನೂ ಇನ್ನೊಮ್ಮೆ ಓದಿದೆ. ಸರಾಸರಿಗೆ ನಾನು ಹೊಂದಿಕೊಂಡದ್ದಲ್ಲ. ನಾನೇ ಆ ಸರಾಸರಿ. ಹದಿನೆಂಟು ಲಕ್ಷ ಜನರನ್ನು ದಿನಾ ಬೆಳಿಗ್ಗೆ ನನ್ನ ಬಾಯಿಯ ಪಕ್ಕ ಇಟ್ಟು ಅಳೆಯುತ್ತಿದ್ದರು.

ಮೂವತ್ತು ಶೀಶೆಯ ಟಿಪ್ಪಣಿ ಫೋನಿನಲ್ಲೇ ಇತ್ತು. ಯಾವ ಹೊತ್ತು, ಏನು ತಿಂದೆ, ಎಲ್ಲ. ಕೆಳಗಿನವರೆಗೂ ಓದಿದೆ. ಉಪ್ಪಿಟ್ಟು, ಕೋಣೆ. ಬ್ರೆಡ್ಡು, ಕೋಣೆ. ಚಿತ್ರಾನ್ನ, ಲ್ಯಾಬಿನ ಹಿಂದಿನ ಕಟ್ಟೆ. ಚೆಲ್ಲಿದ್ದ ಹದಿನೇಳನೆಯ ಶೀಶೆಯ ಮುಂದೆ ಮಾತ್ರ ಬೇರೆ ಇತ್ತು: ರೊಟ್ಟಿ, ಹಾಲೇಶಣ್ಣನ ಜೊತೆ.

ಹಾಲೇಶಣ್ಣ ಸ್ಟೋರ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಗೋಡೆಗೆ ಮುಖ ಮಾಡಿಕೊಂಡು.

“ಹಾಲೇಶಣ್ಣ, ನಾನೂ ಇಲ್ಲೇ ಕೂತು ತಿಂತೀನಿ.”

“ಬ್ಯಾಡವ್ವ. ನಂದು ಎರಡು ಸಲ ಕೆಂಪು ಬಂದೈತೆ. ಹೆಂಡ್ತಿ ಬೈತಾಳೆ.”

“ವಿಜ್ಞಾನಕ್ಕೆ ಅಣ್ಣ.”

“ವಿಜ್ಞಾನಕ್ಕೆ ಉಪ್ಪಿನಕಾಯಿ ಬೇಕಾ?”

ಬಾಗಿಲು ಹಾಕಿಕೊಂಡು ಕಳ್ಳರ ಥರ ತಿಂದೆವು. ಅವರು ತಮ್ಮ ಎಮ್ಮೆಯ ಕಥೆ ಹೇಳಿದರು. ಅದು ಅವರ ಹೆಂಡತಿ ಹಾಡಿದರೆ ಮಾತ್ರ ಹಾಲು ಕೊಡುತ್ತಿತ್ತಂತೆ, ಇವರು ಹಾಡಿದರೆ ಒದೆಯುತ್ತಿತ್ತಂತೆ. ನನಗೆ ಅನ್ನ ನೆತ್ತಿಗೇರಿತು. ತಿಂದು ಎದ್ದು ಯಂತ್ರಕ್ಕೆ ಉಗುಳಿದೆ. ಒಂಬತ್ತು.

ಪೆಪ್ಟೈಡ್ ನಲವತ್ತೊಂದು ಕಾಯಿಲೆಯದಲ್ಲ. ಎದುರಿಗೆ ಕೂತವರ ಜೊತೆ ಮಾತಾಡುತ್ತಾ ಉಂಡರೆ ಬಾಯಿ ಅದನ್ನು ತಾನಾಗಿ ಬಿಡುತ್ತದೆ, ನಿಂಬೆಹಣ್ಣು ಕಂಡರೆ ನೀರೂರಿದ ಹಾಗೆ. ನನ್ನ ಬಾಯಿಗೆ ಆ ರೂಢಿ ಇರಲಿಲ್ಲ. ಇಡೀ ಜಿಲ್ಲೆಗೆ ನಾನು ಆ ಒಂಟಿ ಬಾಯನ್ನೇ ಆರೋಗ್ಯ ಅಂತ ಬರೆದುಕೊಟ್ಟಿದ್ದೆ, ಮೂವತ್ತು ಬೇರೆ ಬೇರೆ ಹೆಸರಿನಲ್ಲಿ.

ಭಾನುವಾರ ಬೆಳಿಗ್ಗೆ ಶಶಿರೇಖಾ ಮೇಡಂ ಮನೆಗೆ ಹೋದೆ. ಅವರು ಊಟದ ಟೇಬಲ್ಲಿನ ಮುಂದೆ ಒಬ್ಬರೇ ಇಡ್ಲಿ ತಿನ್ನುತ್ತಿದ್ದರು. ಅವರ ಯಜಮಾನರ ತಟ್ಟೆಯ ಸದ್ದು ಮುಚ್ಚಿದ ಕೋಣೆಯೊಳಗಿಂದ ಬರುತ್ತಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೇಡಂ ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು.

“ಮೂವತ್ತೂ ನಿಂದೇನಾ?”

“ಹೂಂ ಮೇಡಂ.”

“ನಾನು ಓದುವಾಗ ನಮ್ಮ ಬ್ಯಾಚಿಗೆ ಉಗೀತಾ ಇದ್ದಿದ್ದು ನಾನೇ ಕಣಮ್ಮ.” ಅವರು ಕೈ ಒರೆಸಿಕೊಂಡರು. “ಸಹಿ ಹಾಕುವಾಗ ಅನುಮಾನ ಬಂದಿತ್ತು. ಕೇಳಲಿಲ್ಲ, ಅಷ್ಟೇ.”

ಆಮೇಲೆ ದನಿ ತಗ್ಗಿಸಿ ಹೇಳಿದರು. “ನೋಡು, ಇದನ್ನ ಮೆತ್ತಗೆ ಸರಿ ಮಾಡಬಹುದು. ಅಳತೆ ಹಳೇದಾಯ್ತು, ಹೊಸದು ತಗೋಬೇಕು ಅಂತ ಬರೀತೀನಿ. ಆರು ತಿಂಗಳಲ್ಲಿ ಆಗುತ್ತೆ. ನಿನ್ನ ಹೆಸರು ಬರಲ್ಲ. ಇಲ್ಲಾಂದ್ರೆ ನಿನ್ನ ಪ್ರಾಕ್ಟಿಕಲ್ ಎಲ್ಲ ರದ್ದು ಮಾಡ್ತಾರೆ, ಮೊದಲಿಂದ ಓದಬೇಕಾಗುತ್ತೆ.”

ಎರಡೂವರೆ ವರ್ಷ. ಅಷ್ಟು ದಿನ ಒಬ್ಬಳೇ ಇದ್ದದ್ದು ಒಂದು ಡಿಗ್ರಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಹೋದರೆ ಯಾವುದಕ್ಕೋಸ್ಕರ ಅಂತ ಹೇಳಿಕೊಳ್ಳಲಿ?

“ಸಾಬ್ರನ್ನ ಕರ್ಕೊಂಡು ಹೋಗೋಕೆ ನಾಳೆ ವ್ಯಾನ್ ಬರುತ್ತೆ ಮೇಡಂ” ಅಂದೆ.

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಎದ್ದು ಕಾರಿನ ಕೀಲಿ ತಗೊಂಡರು. “ಮೂವತ್ತು ಶೀಶೆಯಲ್ಲೂ ಒಬ್ಬರದೇ ಡಿಎನ್ಎ ಇದೆ ಅಂತ ತೋರಿಸೋಕೆ ಎರಡು ತಾಸು ಸಾಕು. ನಡಿ. ತಿಂಡಿ ಆಯ್ತಾ ನಿಂದು?”

ಪೆಟ್ಟಿಗೆ ಕಳಿಸುವ ಮೊದಲು ಮೂವತ್ತರಿಂದಲೂ ತೆಗೆದಿಟ್ಟ ಉಳಿಕೆ ಲ್ಯಾಬಿನ ಫ್ರಿಜ್ಜಿನಲ್ಲಿತ್ತು. ಮಧ್ಯಾಹ್ನದೊಳಗೆ ವರದಿ ಹೋಯಿತು, ಕೆಳಗೆ ನನ್ನ ಸಹಿ, ಅದರ ಕೆಳಗೆ ಮೇಡಂ ಸಹಿ. ಸೋಮವಾರ ವ್ಯಾನ್ ಬರಲಿಲ್ಲ.

ಹೊಸ ಅಳತೆಗೆ ಈ ಸಲ ಕಡ್ಡಾಯವಾಗಿ ಖುದ್ದು ಬರಬೇಕು ಅಂದರು. ಇಪ್ಪತ್ತೊಂಬತ್ತೂ ಜನ ಬಂದರು. ಎರಡೂವರೆ ವರ್ಷದಿಂದ ಕೈಗಳಾಗಿದ್ದವರಿಗೆ ತಲೆ, ಕಾಲು, ಚಪ್ಪಲಿ ಎಲ್ಲ ಇದ್ದವು. ನಗುವಿನಿಂದ ಒಂದಿಬ್ಬರ ಗುರುತು ಸಿಕ್ಕಿತು. ಅವರು ಕಾರಿಡಾರಿನಲ್ಲಿ ಡಬ್ಬಿ ಬಿಚ್ಚಿ ಒಬ್ಬರದನ್ನೊಬ್ಬರು ಕಿತ್ತುಕೊಂಡು ತಿಂದರು. ಈ ಸಲ ನಾನು ಉಗುಳು ಕೊಡುವುದಕ್ಕೆ ನಿಷೇಧ ಇತ್ತು, ಹಾಗಾಗಿ ಐಸ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಬ್ಬಳು ಶೀಶೆ ಕೊಡುತ್ತಾ, “ಸಾರಿ ಕಣೆ ತಿಪ್ಪಿ, ಗ್ರೂಪಲ್ಲಿ ನಾವು...” ಅಂದಳು. ಅಷ್ಟರಲ್ಲಿ ಹಿಂದಿನವರು ತಳ್ಳಿದರು, ಅವಳು ಮುಂದೆ ಹೋದಳು. ಸಂಜೆಯ ಬಸ್ಸಿಗೆ ಎಲ್ಲರೂ ಹೊರಟರು.

ಹೊಸ ಗ್ರಾಫು ಬಂತು, ಹದಿನೈದರಿಂದ ಇಪ್ಪತ್ತಾರು. ನಾನು ಎಲ್ಲಿದ್ದೀನಿ ಅಂತ ಹಾಲೇಶಣ್ಣ ಕೇಳಿದರು. ಹಾಳೆಯ ಎಡಗಡೆ ಅಂಚು ದಾಟಿ, ಮೇಜಿನ ಮರದ ಮೇಲೆ ಬೆರಳಿಟ್ಟು ತೋರಿಸಿದೆ.

ಕೆಳಗಿನ ಮನೆಗೆ ಸುದ್ದಿ ಪೇಪರಿನಿಂದ ಗೊತ್ತಾಯಿತು. ಖೈರೂನಮ್ಮ ಮೆಟ್ಟಿಲು ಹತ್ತಿ ಬಂದರು, ಮೊದಲ ಸಲ.

“ನಿನ್ನ ಉಗುಳಿಗೆ ನಾನು ನನ್ನ ಗಂಡನ ಮುಖ ನೋಡದಂಗೆ ಉಂಡೀನಿ, ಗೊತ್ತಾ? ಐದು ತಿಂಗಳು. ಕಿರೇ ಮೊಮ್ಮಗು ಅಪ್ಪನ ಕೈಲಿ ತುತ್ತು ತಿನ್ನೋದೇ ಮರ್ತೈತೆ.”

“ತಪ್ಪಾಯ್ತು ಖೈರೂನಮ್ಮ.”

“ಎಷ್ಟು ಸಲ ಕರ್ದೆ ನಾನು, ಬಾ ಅಂತ? ಬಂದಿದ್ರೆ ಇದೆಲ್ಲ ಆಗ್ತಿತ್ತಾ?”

ಅಷ್ಟೇ ಕೇಳಿ ಇಳಿದು ಹೋದರು. ಮರುದಿನ ಎರಡು ಗಂಟೆಗೆ ಕೆಳಗೆ ದಸ್ತರಖಾನು ಬಿತ್ತು, ಮಾತು ಹತ್ತಿ ಬಂತು. ನಾನು ಕಿಟಕಿ ಮುಚ್ಚಿ ಉಂಡೆ. ಕೇಳಿಸಿಕೊಳ್ಳುವ ಹಕ್ಕು ಹೋಯಿತು ಅನಿಸಿತ್ತು.

ಇಲಾಖೆಯವರಿಗೆ ಮಾತ್ರ ಸುಮ್ಮನಿರಲು ಬರುವುದಿಲ್ಲ. ನಲವತ್ತೊಂದು ಕಮ್ಮಿ ಇರುವುದೇ ಅಪಾಯ ಅಂತ ಈಗ ತೀರ್ಮಾನಿಸಿದ್ದರಲ್ಲ, ಕಮ್ಮಿ ಇದ್ದವರನ್ನು ಹುಡುಕತೊಡಗಿದರು. ಹೊಸ ಪಟ್ಟಿಯಲ್ಲಿ ಬಣ್ಣದ ಜೊತೆ ಅಂಕಿಯೂ ಕಾಣುತ್ತಿತ್ತು. ನನ್ನದು ಕೆಂಪು, ಮೂರು. ಜಿಲ್ಲೆಗೇ ಕಡಿಮೆ. ಜೊತೆಯಲ್ಲಿ ಉಣ್ಣುತ್ತೇವೆ ಅಂತ ಯಾರಾದರೂ ಸಹಿ ಹಾಕಿದರೆ ಸರಿ. ಇಲ್ಲವಾದರೆ ಅದೇ ವಿಶ್ರಾಂತಿ ಕೇಂದ್ರ, ಒಳಗೋಡೆ ಒಡೆದು ಊಟದ ಹಾಲ್ ಮಾಡಿದ್ದರು. ಅಪರಿಚಿತರ ಜೊತೆ ನಲವತ್ತು ದಿನ.

ಆರೋಗ್ಯ ಇಲಾಖೆಯ ಸಿಸ್ಟರ್ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಕೈಯಲ್ಲಿ ಫಾರಂ ಹಿಡಿದು ಮೆಟ್ಟಿಲ ಕೆಳಗೆ ನಿಂತರು. ನಾನು ಬಟ್ಟೆ ತುಂಬಿದ ಚೀಲ ಹಿಡಿದು ಇಳಿದಿದ್ದೆ. ಪ್ರಾಕ್ಟಿಕಲ್ ಎಲ್ಲ ರದ್ದಾಗಿತ್ತು, ಓದು ಮೊದಲಿಂದ ಶುರು ಮಾಡುವುದಾದರೂ ಅದಕ್ಕೆ ಇನ್ನೂ ಐದು ತಿಂಗಳಿತ್ತು, ಎಲ್ಲಿದ್ದರೇನು ಅಂದುಕೊಂಡಿದ್ದೆ.

“ಈ ಹುಡ್ಗಿ ಜೊತೆ ಊಟ ಮಾಡೋರು ಯಾರು?” ಸಿಸ್ಟರ್ ಕೇಳಿದರು.

“ಯಾರಿಲ್ಲ” ಅಂದೆ.

ಖೈರೂನಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಸಿಸ್ಟರ್ ಫಾರಮ್ಮಿನಲ್ಲಿ ಗೆರೆ ಎಳೆಯಲು ಪೆನ್ನು ತೆಗೆದರು.

“ಕೊಡಿಲ್ಲಿ” ಅಂದರು ಖೈರೂನಮ್ಮ. ಮೊರ ಪಕ್ಕಕ್ಕಿಟ್ಟು, ಕೈಯ ಹೊಟ್ಟು ಕೊಡವಿ, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದರು. “ನಾನು ಇವಳ ಜೊತೆ ಮಾತಾಡಲ್ಲ. ಮೊದ್ಲೇ ಹೇಳ್ತೀನಿ. ಉಣ್ತೀನಿ, ಮಾತಾಡಲ್ಲ.”

“ಫಾರಮ್ಮಲ್ಲಿ ಊಟ ಅಂತಷ್ಟೇ ಐತೆ” ಅಂದರು ಸಿಸ್ಟರ್.

ಸಾಬರು ಭಟ್ಟಿಯಿಂದ ಬಂದು, ಉಂಡು, ಮಲಗಿದ ಮೇಲೆ, ಮೂರು ಗಂಟೆಗೆ, ಖೈರೂನಮ್ಮ ನನಗೆ ಅಂತ ಬೇರೆ ದಸ್ತರಖಾನು ಹಾಸಿದರು. ಎದುರಿಗೆ ಕೂತರು. ಅನ್ನ, ಹುಣಸೆಹುಳಿಯ ಖಟ್ಟಾ ಸಾರು, ಹುರಿದ ಬದನೆಕಾಯಿ. ಹೇಳಿದಂತೆಯೇ ಮಾಡಿದರು, ಒಂದು ಮಾತೂ ಆಡಲಿಲ್ಲ. ನನ್ನನ್ನು ನೋಡಲೂ ಇಲ್ಲ. ನಾನು ಸಾರು ಹಾಕಿಕೊಂಡೆ, ಅವರು ಹಾಕಿಕೊಂಡರು. ನಾನು ಬೇಗ ಮುಗಿಸಿದೆ. ಅವರು ಮುಗಿಸುವವರೆಗೆ ಏಳಬಾರದು ಅನಿಸಿತು, ಕೈ ಒಣಗಿಸಿಕೊಂಡು ಕೂತೆ. ಅವರು ನಿಧಾನವಾಗಿ ಉಂಡರು.

ಹಾಗೇ ಎಂಟು ದಿನ. ಪಟ್ಟಿ ಮೂರು, ಮೂರು, ಮೂರು.

ಒಂಬತ್ತನೆಯ ದಿನದ ಊಟದಲ್ಲೂ ಬೇರೆ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಪಟ್ಟಿ ನೆಕ್ಕಿದೆ. ನಾಲ್ಕು. ಒಂದು ಅಂಕಿ ಹೆಚ್ಚುಕಮ್ಮಿ ಬರುವುದು ಪಟ್ಟಿಯದೇ ದೋಷ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಮೊದಲ ವರ್ಷದ ಹುಡುಗರಿಗೂ ಗೊತ್ತು. ಮೂರು ಸಲ ಒಂದೇ ಬಂದರೆ ಮಾತ್ರ ನಂಬಬೇಕು.

ಇನ್ನೊಂದು ಪಟ್ಟಿ ಬಿಚ್ಚಿ ನೆಕ್ಕಿದೆ. ನಾಲ್ಕು.

ಕಿಟಕಿ ತೆಗೆದು, ಬೆಳಕಿಗೆ ಹಿಡಿದು, ಮೂರನೆಯದನ್ನೂ ನೋಡಿದೆ. ನಾಲ್ಕು.